ಗೌರವ್ವನ ಬಕೆಟ್ಟು ಮತ್ತು ಹಳ್ಳದ ಹೊಸ ನೀರು

ನೀರು ಪರೀಕ್ಷೆ ಮಾಡುವವರಿಗೆ ನೀರೇ ಇಲ್ಲದ ತಿಂಗಳಲ್ಲಿ ಏನು ಕೆಲಸ ಎಂದು ನನ್ನನ್ನು ಕೇಳಿದವರು ಬಹಳ ಜನ. ಮದುವೆಮನೆಯಲ್ಲಿ ಕೇಳಿದ್ದಾರೆ, ಬಸ್ಸಿನಲ್ಲಿ ಕೇಳಿದ್ದಾರೆ, ಸತ್ತವರ ಮನೆಗೆ ಮಾತಾಡಿಸಲು ಹೋದಾಗಲೂ ಒಬ್ಬ ಪುಣ್ಯಾತ್ಮ ಕೇಳಿದ್ದ. "ಊಟ ಇಲ್ಲದ ದಿನ ನೀವು ಹೊಟ್ಟಿ ಮನ್ಯಾಗ ಬಿಟ್ಟು ಅಡ್ಡಾಡ್ತೀರೇನು?" ಎಂದು ನಾನು ತಿರುಗಿ ಕೇಳುತ್ತಿದ್ದೆ. ಬಾಯಿ ಜೋರು ಎಂದು ಹೆಸರು ಬಂತು. ಆದರೆ ಆ ಪ್ರಶ್ನೆ ಸುಳ್ಳಲ್ಲ. ನನ್ನ ಇಡೀ ನೌಕರಿಯಲ್ಲಿ ನಾನು ಕಲಿತ ಒಂದೇ ದೊಡ್ಡ ಸಂಗತಿ ನೀರಿಲ್ಲದ ತಿಂಗಳಲ್ಲಿಯೇ ಸಿಕ್ಕಿತು, ಅದೂ ತಪ್ಪಿನಿಂದ, ಅದೂ ನನ್ನ ತಪ್ಪಿನಿಂದಲ್ಲ.

ನಾನು ಹಾವೇರಿಯ ಒಂದು ನೀರು ಪರೀಕ್ಷೆಯ ಪ್ರಯೋಗಾಲಯದಲ್ಲಿದ್ದೆ. ಮನೆ ರಾಣೆಬೆನ್ನೂರು, ದಿನಾ ಹೋಗಿ ಬರುವುದು. ಹೆಗಲಿಗೆ ಸದಾ ಬಾಟಲಿಗಳ ಚೀಲ ಇರುತ್ತಿದ್ದುದರಿಂದ ಹಳ್ಳಿಗಳಲ್ಲಿ ನನಗೆ 'ಬಾಟ್ಲಿ ಬಾಯಾರು', ಅಂದರೆ ಬಾಟಲಿ ಮೇಡಂ, ಎಂದೇ ಹೆಸರು. ಹೊಸದಾಗಿ ಈ ಕೆಲಸಕ್ಕೆ ಸೇರಿದ ಹುಡುಗಿಯರು ಈಗಲೂ ಮನೆಗೆ ಬರುತ್ತಾರೆ, ಏನಾದರೂ ಹೇಳಿ ಎನ್ನುತ್ತಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಬಡ್ತಿಗಳ ಮಾತು ಇಲ್ಲಿ ಬರುವುದಿಲ್ಲ. ಬಡ್ತಿ ಬಂದ ದಿನ ಪೇಢೆ ಹಂಚಿದೆ, ಮರುದಿನ ಅವೇ ಬಾಟಲಿ ತೊಳೆದೆ. ನಿಮಗೆ ಪುಸ್ತಕದಲ್ಲಿ ಸಿಗದೇ ಇರುವುದು ಗೊಂದಲ. ಅದು ನನ್ನ ಬಳಿ ಬೇಕಾದಷ್ಟಿದೆ, ಉದಾರವಾಗಿ ಹಂಚುತ್ತೇನೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಬ್ಯಾಡಗಿಗೆ ಹೋಗಿದ್ದೆ. ಮೆಣಸಿನಕಾಯಿಯ ಸುಗ್ಗಿ. ಮಾರುಕಟ್ಟೆಯ ಹತ್ತಿರದ ಬಾವಿಯ ನೀರು ತರಬೇಕಿತ್ತು. ಬಾಟಲಿಯ ಮುಚ್ಚಳ ತೆಗೆದೆ, ಗಾಳಿ ಬೀಸಿತು, ಘಾಟು ಮೂಗಿಗೆ ಹೊಡೆಯಿತು, ಸೀನತೊಡಗಿದೆ. ಸೀನುತ್ತಲೇ ನೀರು ತುಂಬಿದೆ, ಸೀನುತ್ತಲೇ ಮುಚ್ಚಿದೆ. ಆಗಿನ ಹಿರಿಯರು ಫಲಿತಾಂಶ ನೋಡಿ, "ಬಾಯಾರ, ಇದು ಬಾವಿ ನೀರೋ ನಿಮ್ಮ ಮೂಗಿನ ನೀರೋ?" ಎಂದು ಕೇಳಿದರು. ಅವತ್ತಿನಿಂದ ಬ್ಯಾಡಗಿಗೆ ಹೋಗುವಾಗ ಸೆರಗನ್ನು ಮೂಗಿಗೆ ಕಟ್ಟಿಕೊಂಡೇ ಇಳಿಯುತ್ತಿದ್ದೆ. ಆಗ ಯಂತ್ರಗಳಿರಲಿಲ್ಲ. ಗಾಜಿನ ಕೊಳವೆಯಲ್ಲಿ ನೀರಿಗೆ ಔಷಧಿ ಹಾಕುವುದು, ಕಿಟಕಿಯ ಬೆಳಕಿಗೆ ಹಿಡಿದು ಬಣ್ಣ ನೋಡುವುದು. ಅಮೋನಿಯಾ ಇದ್ದರೆ ಹಳದಿ ಬರುತ್ತದೆ, ಹೆಚ್ಚಿದ್ದರೆ ಚಹಾದ ಬಣ್ಣ. ಮೋಡ ಕವಿದ ದಿನ ನಾವು ಕೆಲಸ ಮಾಡದೆ ಕಡಲೆಕಾಯಿ ತಿನ್ನುತ್ತಿದ್ದೆವು.

ಮೊದಲ ಸಲ ತಲೆ ಕೆಟ್ಟಿದ್ದು ಗುತ್ತಲದ ಕಡೆ. ಬೇಸಿಗೆಯಲ್ಲಿ ತುಂಗಭದ್ರೆ ಅಲ್ಲಲ್ಲಿ ಮಡುವಾಗಿ ನಿಂತು ಉಳಿದದ್ದೆಲ್ಲ ಮರಳಾಗಿರುತ್ತದೆ. ಆ ವರ್ಷ ಮೇಲೆ ಮಳೆಯಾಗಿ ಹೊಳೆ ಮತ್ತೆ ಬಂತು. ನಾನು ದಡಕ್ಕೆ ಇಳಿದಾಗ ಇಬ್ಬರು ರೈತರು ಜಗಳಕ್ಕೆ ನಿಂತಿದ್ದರು. ಒಬ್ಬ ಪಂಪಿಗೆ ಕೈಹಚ್ಚಿದ್ದ.

"ಬಾಯಾರ, ಇದು ಹೊಸ ನೀರ್ರಿ. ಇದರಾಗ ಕಸುವು ಐತಿ. ಒಂದ್ ಸಲ ಹೊಲಕ್ಕ ಹಾಯಿಸಿದ್ರ ಗೊಬ್ಬರದ ಚೀಲ ಬಿಚ್ಚೂದ ಬ್ಯಾಡ."

ಇನ್ನೊಬ್ಬ ತನ್ನ ಎತ್ತುಗಳ ಹಗ್ಗ ಜಗ್ಗಿ ಹಿಡಿದಿದ್ದ. "ಅವಂಗೇನ ತಿಳಿತೈತ್ರಿ? ಹೊಸ ನೀರು ಕುಡದ ಎತ್ತು ಹೊಟ್ಟಿ ಉಬ್ಬಿ ಮಲಗತೈತಿ. ಇದು ಇಷ ಐತ್ರಿ, ಇಷ."

ಇವರಿಬ್ಬರ ನಡುವೆ ಒಬ್ಬ ಮುದುಕಿ ಅರಿಷಿಣ, ಕುಂಕುಮ, ಹಸಿರು ಬಳೆ, ಕುಬಸದ ಕಣ ನೀರಿಗೆ ಬಿಟ್ಟು ಹೊಳೆಗೆ ಉಡಿ ತುಂಬುತ್ತಿದ್ದಳು. ಹೊಸ ನೀರು ಬಂದಾಗ ನಮ್ಮ ಕಡೆ ಅದು ರೂಢಿ. ಆಕೆ ತಿರುಗಿಯೂ ನೋಡದೆ, "ಗಂಗವ್ವ ದೂರದಿಂದ ನಡಕೊಂತ ಬಂದಾಳ. ಬಂದಾಕಿಗೆ ಕಾಲು ತೊಳ್ಯಾಕರ ಬಿಡ್ರಿ, ಆಮ್ಯಾಲೆ ಚಲೋನೋ ಕೆಟ್ಟೋ ನೋಡೀರಂತ" ಎಂದಳು.

ನಾನು ಕಲಿತವಳಲ್ಲವೇ, ಮೂವರ ಮೇಲೂ ಒಳಗೊಳಗೇ ನಕ್ಕು ಬಾಟಲಿ ತುಂಬಿಕೊಂಡು ಬಂದೆ. ಪರೀಕ್ಷೆ ಮಾಡಿದರೆ ಗೊಬ್ಬರದಲ್ಲಿ ಇರಬೇಕಾದ್ದೆಲ್ಲ ನೀರಿನಲ್ಲಿತ್ತು. ಬೆಳೆಗೆ ಕಸುವು ಖರೇ, ಕುಡಿಯುವವರಿಗೆ ವಿಷ ಖರೇ. 'ಕುಡಿಯಲು ಯೋಗ್ಯವಲ್ಲ' ಎಂದು ಬರೆದು ಕೈತೊಳೆದುಕೊಂಡೆ. ಎಲ್ಲಿಂದ ಬಂತು ಇದು ಎಂದು ಹಿರಿಯರು ಕೇಳಿದರು. ಹೊಳೆಯಿಂದ ಎಂದೆ. ಹೊಳೆಗೆ ಎಲ್ಲಿಂದ ಬಂತು ಎಂದರು. ನನಗೆ ಗೊತ್ತಿರಲಿಲ್ಲ. ಅವರಿಗೂ ಗೊತ್ತಿರಲಿಲ್ಲ, ಆದರೆ ಅವರು ಹಿರಿಯರು, ಆದ್ದರಿಂದ ಪ್ರಶ್ನೆ ಅವರದು.

ಮುಂದೆ ಬಹಳ ವರ್ಷಗಳ ಮೇಲೆ, ನಾನು ನಿವೃತ್ತಿಗೆ ಹತ್ತಿರವಾದಾಗ, ನಮ್ಮ ಪ್ರಯೋಗಾಲಯಕ್ಕೆ ಹೊಸ ಸಾಹೇಬರೊಬ್ಬರು ಬಂದರು. ಕೆಟ್ಟವರಲ್ಲ. ಆದರೆ ಖಾಲಿ ಬಾಟಲಿ ಕಂಡರೆ ಅವರಿಗೆ ಮೈಯೆಲ್ಲ ಉರಿ. ನಾವು ತಿಂಗಳಿಗೊಮ್ಮೆ ಗೊತ್ತುಮಾಡಿದ ದಿನ ಗೊತ್ತುಮಾಡಿದ ಜಾಗಕ್ಕೆ ಹೋಗಿ ನೀರು ತರಬೇಕು. ಹಳ್ಳ ಒಣಗಿದ್ದರೆ 'ಹರಿವು ಇಲ್ಲ' ಎಂದು ಬರೆದು ವಾಪಸು. ಎಲ್ಲರೂ ಹಾಗೆಯೇ ಮಾಡುತ್ತಿದ್ದರು.

"ಗಾಡಿ ಹೋಗಿ ಬಂದೈತಿ, ಬಾಟ್ಲಿ ಖಾಲಿ ಬಂದೈತಿ. ಮ್ಯಾಲಿನವರು ಕೇಳಿದ್ರ ಏನ್ ಹೇಳ್ಲಿ ನಾ? ಏನರ ತರ್ರಿ ಬಾಯಾರ, ಏನರ!"

"ನೀರಿಲ್ಲದ ಹಳ್ಳದಾಗಿಂದ ಏನ್ ತರ್ಲಿರಿ ಸಾಹೇಬರ? ನನ್ನ ಬೆವರು ತುಂಬಿಕೊಂಡು ಬರ್ಲೇನು?"

"ಅದು ನಿಮಗ ಬಿಟ್ಟದ್ದು."

ನನಗೆ ಸಿಟ್ಟು ನೆತ್ತಿಗೇರಿತು. ಬ್ಯಾಡಗಿಗೂ ಮೋಟೆಬೆನ್ನೂರಿಗೂ ನಡುವೆ ಒಂದು ಹಳ್ಳವಿದೆ, ಊರಿನ ಹೆಸರು ಬೇಡ. ಆ ಹಳ್ಳದ ಮೇಲಿನ ತಿರುವಿನಲ್ಲಿ ಹೊಂಗೆ ಮರಗಳ ಸಾಲಿದೆ. ಮೇ ತಿಂಗಳ ಬಿಸಿಲಿನಲ್ಲಿ ಅಲ್ಲಿಗೆ ಇಳಿದೆ. ಹಳ್ಳದ ತಳ ಬಿರಿದು ಹೆಂಟೆ ಹೆಂಟೆಯಾಗಿತ್ತು, ಅಂಚುಗಳು ಕಟಕ ರೊಟ್ಟಿಯಂತೆ ಮೇಲಕ್ಕೆ ಸುರುಳಿಕೊಂಡಿದ್ದವು. ಅದರ ಮೇಲೆ ಮೊಣಕಾಲಿನವರೆಗೆ ಒಣ ಎಲೆ. ನಾನು ಹೆಂಟೆಗಳನ್ನೇ ಎಲೆಸಮೇತ ಒಂದು ಬಕೆಟ್ಟಿಗೆ ತುಂಬಿಕೊಂಡು ಬಂದು ಸಾಹೇಬರ ಮುಂದೆ ಇಟ್ಟೆ. "ತಗೋರಿ, ಏನರ ತಂದೇನಿ."

ಅವರು ಹೆಂಟೆ ನೋಡಿದರು, ನನ್ನ ಮುಖ ನೋಡಿದರು. ಬೈಯಬೇಕೋ ಹೊಗಳಬೇಕೋ ಅವರಿಗೆ ತಿಳಿಯಲಿಲ್ಲ. "ಇರ್ಲಿ, ಮೂಲ್ಯಾಗ ಇಡ್ರಿ" ಎಂದರು. ಬಕೆಟ್ಟು ಕಪಾಟಿನ ಪಕ್ಕದ ಮೂಲೆ ಸೇರಿತು. ನಾನೂ ಮರೆತೆ, ಅವರೂ ಮರೆತರು.

ಆ ಹೊಂಗೆ ಮರಗಳಿಂದ ಸ್ವಲ್ಪ ಕೆಳಗೆ, ಹಳ್ಳದ ದಂಡೆಗೆ ಚನ್ನವ್ವನ ಅಂಗಳ. ರಾಣೆಬೆನ್ನೂರಿನ ಸುತ್ತ ಬೀಜದ ಕಂಪನಿಗಳಿವೆ, ಹಳ್ಳಿಹಳ್ಳಿಯಲ್ಲಿ ಅವರಿಗಾಗಿ ಬೀಜ ಬೆಳೆಯುತ್ತಾರೆ. ಚನ್ನವ್ವ ಹುಡುಗಿಯಾಗಿದ್ದಾಗಿನಿಂದ ಹೂವಿಗೆ ಹೂವು ಮುಟ್ಟಿಸಿ ಪರಾಗ ದಾಟಿಸುವ ಕೂಲಿಗೆ ಹೋಗಿ, ಕೊನೆಗೆ ತನ್ನದೇ ಅಂಗಳ ಮಾಡಿದ್ದಳು. ಹಣ್ಣು ಟೊಮ್ಯಾಟೊ ಹಿಂಡಿ, ಕೊಳೆಸಿ, ಬೀಜ ತೊಳೆದು ಒಣಗಿಸಿ ಕೊಡುವುದು. ಊರಿನ ಹೆಣ್ಣುಮಕ್ಕಳು ಕೆಲವರು ಅಲ್ಲಿ ದುಡಿಯುತ್ತಿದ್ದರು. ಉಳಿದ ತೊಗಟೆ, ರಸ, ಗಸಿ ಎಲ್ಲ ದಂಡೆಯ ಮೇಲಿನ ಒಂದು ಗುಂಡಿಗೆ. ಶಿವರಾತ್ರಿ ಕಳೆಯುವ ಹೊತ್ತಿಗೆ ಕೆಲಸ ಮುಗಿಯುತ್ತದೆ, ಬೇಸಿಗೆಯಲ್ಲಿ ಅಂಗಳ ಖಾಲಿ. ನಾನು ಆ ಕಡೆ ಹೋದಾಗಲೆಲ್ಲ ಮಜ್ಜಿಗೆ ಕೊಡುತ್ತಿದ್ದಳು, ಹಸಿಮೆಣಸಿನಕಾಯಿ ಜಜ್ಜಿ ಹಾಕಿ.

ಆ ವರ್ಷ ಕಾರಹುಣ್ಣಿಮೆ ಕಳೆದ ಮೇಲೆ ಒಂದು ದೊಡ್ಡ ಮಳೆ ಬಿತ್ತು. ಹಳ್ಳ ಬಂತು. ಮರುದಿನ ಬೆಳಿಗ್ಗೆಯೇ ಆ ಊರಿನಿಂದ ನಮ್ಮ ಆಫೀಸಿಗೆ ಫೋನು. ಹಳ್ಳ ಹೋಗಿ ಸೇರುವ ಕೆರೆಯಲ್ಲಿ ಮೀನೆಲ್ಲ ಸತ್ತು ತೇಲುತ್ತಿವೆ. ಕೆರೆಯ ಮೀನು ಗುತ್ತಿಗೆ ಹಿಡಿದವನು ಮಲ್ಲೇಶಿ. ನಾವು ಗಾಡಿ ಇಳಿಯುವ ಮೊದಲೇ ಅವನು ಎದುರಿಗೆ ಓಡಿ ಬಂದ, ಕೈಯಲ್ಲಿ ಒಂದು ಸತ್ತ ಮೀನು.

"ಬರ್ರಿ ಬಾಯಾರ, ಕಣ್ಣೀಲೆ ನೋಡ್ರಿ. ಮರಿ ಬಿಟ್ಟು, ತವುಡು ಹಾಕಿ, ಮಕ್ಕಳಂಗ ಸಾಕೇನಿ. ಒಂದ ರಾತ್ರ್ಯಾಗ ಕೊಂದಾಳ ಆಕಿ!"

"ಯಾರು?"

"ಇನ್ಯಾರ್ರಿ, ಟೊಮ್ಯಾಟೊ ಚನ್ನವ್ವ! ಗುಂಡಿ ಹೊಲಸೆಲ್ಲ ಹಳ್ಳಕ್ಕ ಬಿಟ್ಟಾಳ."

ಕೆರೆಯ ನೀರು ಕಷಾಯದ ಬಣ್ಣ, ಅಂಚಿನಲ್ಲಿ ನೊರೆ, ಒಂಥರಾ ಹುಳಿತ ಕೊಳೆತ ವಾಸನೆ. ದಂಡೆಯಲ್ಲೇ ಕೂತು ಉಸಿರಿನ ಪರೀಕ್ಷೆ ಮಾಡಿದೆ. ನೀರಿನಲ್ಲಿ ಕರಗಿದ ಗಾಳಿ ಇದ್ದರೆ ಔಷಧಿ ಹಾಕಿದಾಗ ಕಂದು ಗಸಿ ಕೂರುತ್ತದೆ. ಇಲ್ಲದಿದ್ದರೆ ಹಾಲಿನಂತೆ ಬೆಳ್ಳಗೆ. ನನ್ನ ಬಾಟಲಿಯಲ್ಲಿ ಬೆಳ್ಳಗೆ ಕೂತಿತು. ಹೊಸಬರೇ, ಈ ಕೆಲಸದಲ್ಲಿ ಬಿಳಿ ಬಣ್ಣ ಕಂಡು ನೀವು ಯಾವತ್ತೂ ಖುಷಿಪಡಬೇಡಿ.

ಚನ್ನವ್ವನ ಅಂಗಳದ ಮುಂದೆ ಊರು ನೆರೆದಿತ್ತು. ಬಾಗಿಲಿಗೆ ಆಗಲೇ ಬೀಗ ಜಡಿದಿದ್ದರು. ಪಂಚಾಯ್ತಿಯ ಹಿರಿಯ ಸಿದ್ದಪ್ಪ, ರಿಪೋರ್ಟು ಬರಲಿ, ಆಮೇಲೆ ಅಂಗಳವನ್ನೇ ಊರಿನಿಂದ ತೆಗೆಸುವುದು ಎಂದು ಹೇಳುತ್ತಿದ್ದ. ಚನ್ನವ್ವ ಕಂಬಕ್ಕೆ ಒರಗಿ ನಿಂತಿದ್ದಳು, ಮಜ್ಜಿಗೆ ಕೊಡುವ ಮುಖವಲ್ಲ ಅದು.

"ಬಾಯಾರ, ಶಿವರಾತ್ರಿ ಆದಮ್ಯಾಲೆ ನಾ ಒಂದ ಹನಿ ನೀರು ಹಳ್ಳಕ್ಕ ಬಿಟ್ಟಿಲ್ರಿ. ಗುಂಡಿ ಒಣಗಿ ಕಟ್ಟಿಗಿ ಆಗೈತಿ. ಒಮ್ಮೆ ಕೆಟ್ಟ ಹೆಸರು ಬಂತಂದ್ರ ಕಂಪನ್ಯಾವ್ರು ನನಗ ಮತ್ತ ಕೆಲಸ ಕೊಡೂದಿಲ್ಲ. ನನ್ನ ನಂಬಿದ ಹೆಣ್ಮಕ್ಕಳು ಎಲ್ಲಿಗೆ ಹೋಗ್ಬೇಕ್ರಿ? ನೀವು ಖರೇ ಏನೈತಿ ಅದನ್ನ ಬರೀರಿ. ಅಷ್ಟ ಸಾಕು."

ಖರೇ ಏನಿದೆ ಎಂಬುದೇ ತಾನೇ ತೊಡಕು! ನಾನು ಅವಳ ಅಂಗಳದ ಕೆಳಗಿನ ನೀರು ತೆಗೆದೆ, ಮೇಲಿನ ನೀರೂ ತೆಗೆದೆ. ಮೇಲೆ ಹೊಂಗೆ ಮರದ ತಿರುವಿನಲ್ಲಿಯೂ ಅದೇ ಕಷಾಯ, ಅದೇ ನೊರೆ. ಇದೆಂಥದು ಎಂದು ನನಗೆ ನಿಂತಲ್ಲೇ ತಲೆ ತಿರುಗಿತು. ಅವಳ ಗುಂಡಿಯ ಹೊಲಸು ಹಳ್ಳ ಹತ್ತಿ ಮೇಲಕ್ಕೆ ಹೋಗುತ್ತದೆಯೇ?

ಆಫೀಸಿನಲ್ಲಿ ಆಗ ಹೊಸ ಯಂತ್ರ ಬಂದಿತ್ತು. ಕೊಳವೆ ಇಟ್ಟು ಗುಂಡಿ ಒತ್ತಿದರೆ ಅಂಕಿ ಬರುತ್ತದೆ. ಈ ನೀರಿಗೆ ಅಂಕಿಯೇ ಬರಲಿಲ್ಲ, ಬರೀ ಗೆರೆ ಗೆರೆ. ಯಂತ್ರ ಅಳೆಯಬಲ್ಲದ್ದಕ್ಕಿಂತ ಹೆಚ್ಚು ಅಮೋನಿಯಾ ಇದ್ದರೆ ಹಾಗೆ ಆಗುತ್ತದೆ. ಸಾಹೇಬರು ಯಂತ್ರ ಕೆಟ್ಟಿದೆ ಎಂದು ರಿಪೇರಿಯವನಿಗೆ ಫೋನು ಹಚ್ಚಿದರು. ನಾನು ನೀರಿಗೆ ಒಳ್ಳೆ ನೀರು ಬೆರೆಸಿ, ಬೆರೆಸಿ, ಮತ್ತೆ ಬೆರೆಸಿ ಇಟ್ಟಾಗ ಅಂಕಿ ಬಂತು. ಮೇಲಿನದೂ ಕೆಳಗಿನದೂ ಎರಡೂ ಜಾಸ್ತಿ.

"ಬೀಜ ತೊಳದ ಹೊಲಸು. ಇನ್ನೇನ್ ಬೇಕ್ರಿ ನಿಮಗ?" ಎಂದರು ಸಾಹೇಬರು.

"ಆಕಿ ಅಂಗಳಕ್ಕಿಂತ ಮ್ಯಾಲಿನ ನೀರೂ ಹಂಗ ಐತ್ರಿ."

"ಹಂಗಾದ್ರ ಬಾಟ್ಲಿ ಅದಲಾಬದಲಿ ಆಗ್ಯಾವ."

ನನ್ನ ಬಾಟಲಿ ಅದಲಾಬದಲಿ ಆಗುವುದಿಲ್ಲ. ಆದರೂ ಅನುಮಾನ ಹುಳದಂತೆ ಹೊಕ್ಕಿತು. ಮತ್ತೆ ಹೋಗಿ ತೆಗೆದು ಬಂದರೆ ಅಷ್ಟರಲ್ಲಿ ಹಳ್ಳದ ನೀರು ತಿಳಿಯಾಗಿತ್ತು, ಮೇಲೂ ಚೊಕ್ಕಟ, ಕೆಳಗೂ ಚೊಕ್ಕಟ. ಮೊದಲಿನದು ಸುಳ್ಳೋ ಈಗಿನದು ಸುಳ್ಳೋ? ಸಾಹೇಬರು ನನ್ನ ಮುಖ ನೋಡಿ ಎರಡು ದಿನ ರಜೆ ತೆಗೆದುಕೊಳ್ಳಿ ಎಂದರು. ಅದು ಕರುಣೆಯಿಂದ ಹೇಳಿದ್ದು, ಅದಕ್ಕೇ ಹೆಚ್ಚು ಸಿಟ್ಟು ಬಂತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆ ನೆನಪಾಯಿತು. ಇಲ್ಲಿ ಜ್ವರ ಯಾರಿಗೆ ಬಂದಿದೆ ಎಂದೇ ಗೊತ್ತಿಲ್ಲ, ಬರೆ ಮಾತ್ರ ಚನ್ನವ್ವನಿಗೆ ಸಿದ್ಧವಾಗಿತ್ತು.

ಮಣ್ಣೆತ್ತಿನ ಅಮವಾಸ್ಯೆ ಹತ್ತಿರ ಬಂದಿತ್ತು. ಆ ಹಬ್ಬಕ್ಕೆ ನಮ್ಮಲ್ಲಿ ಮನೆಮನೆಯಲ್ಲಿ ಮಣ್ಣಿನ ಎತ್ತು ಮಾಡಿ ಪೂಜಿಸುತ್ತಾರೆ. ಹಳ್ಳಿಯಲ್ಲಾದರೆ ಮಣ್ಣಿಗೇನು ಬರ. ಹಾವೇರಿಯಲ್ಲಿ ಮಣ್ಣು ಹುಡುಕಿಕೊಂಡು ಹೋಗಬೇಕು. ನಮ್ಮ ಆಫೀಸು ಗುಡಿಸುವ ಗೌರವ್ವ ಹುಡುಕಲಿಲ್ಲ. ಕಪಾಟಿನ ಮೂಲೆಯಲ್ಲಿ ಬಕೆಟ್ಟು ತುಂಬ ನುಣುಪಾದ ಹಳ್ಳದ ಮಣ್ಣು ಇಟ್ಟುಕೊಂಡವರು ನಾವೇ ಇದ್ದೆವಲ್ಲ!

ಬೆಳಿಗ್ಗೆ ಒಳಗೆ ಕಾಲಿಟ್ಟೆ, ಮೂಗಿಗೆ ವಾಸನೆ ಹೊಡೆಯಿತು. ಗೌರವ್ವ ಬಕೆಟ್ಟಿನ ಮುಂದೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಕೂತಿದ್ದಳು.

"ಏನ ಇದು ಗೌರವ್ವ?"

"ಎತ್ತು ಮಾಡೂಣಂತ ನಿನ್ನಿ ಮಣ್ಣು ನೆನಿ ಹಾಕಿದ್ನಿರಿ. ಮೊಮ್ಮಕ್ಕಳು ಗಂಟು ಬಿದ್ದಿದ್ವು. ಹಾಳಾದ್ದು ನಾರಾಕತ್ತೈತಿ. ನೀವು ಇದರಾಗ ಏನರ ಔಷಧ ಕೂಡಿಸಿದ್ರೇನು?"

"ಆಫೀಸಿನ ಮಣ್ಣು ಮುಟ್ಟು ಅಂತ ಯಾರ ಹೇಳಿದ್ರು ನಿನಗ? ನೀರು ಯಾವುದು ಹಾಕಿದಿ?"

"ನಳಾ ಎಲ್ಲಿ ಬಂದೈತ್ರಿ? ಆ ದೊಡ್ಡ ಗಾಜಿನ ಬಾಟ್ಲ್ಯಾಗಿಂದ ಹಾಕಿದೆ."

ದೊಡ್ಡ ಗಾಜಿನ ಬಾಟಲಿಯಲ್ಲಿದ್ದುದು ಭಟ್ಟಿ ಇಳಿಸಿದ ನೀರು. ಉಪ್ಪಿಲ್ಲ, ಸಪ್ಪಿಲ್ಲ, ಏನೂ ಇಲ್ಲದ ನೀರು. ನಾನು ಹನಿ ಹನಿ ಎಣಿಸಿ ಬಳಸುವುದು. "ಅಯ್ಯ ನಿನ್ನ ಮನಿ ಹಾಳಾಗಲಿ, ಎತ್ತಿಗೆ ಭಟ್ಟಿ ನೀರು ಬೇಕಾತೇನ ನಿನಗ!" ಎಂದು ಕೂಗಾಡಿದೆ. ಪಾಪ, ಅವಳು ಬಕೆಟ್ಟು ಹೊರಗೆ ಚೆಲ್ಲಲು ಎತ್ತಿದಳು. ನೀರು ತುಳುಕಿತು. ಕಷಾಯದ ಬಣ್ಣ. ಅಂಚಿನಲ್ಲಿ ನೊರೆ. ವಾಸನೆ ನನಗೆ ಗೊತ್ತಿದ್ದ ವಾಸನೆ. ಮಲ್ಲೇಶಿಯ ಕೆರೆಯದು.

"ನಿಲ್ಲ! ಚೆಲ್ಲಬ್ಯಾಡ! ಕೆಳಗ ಇಡ!" ಎಂದೆ. ಗೌರವ್ವ ಹೆದರಿ ಬಕೆಟ್ಟು ಇಟ್ಟಳು.

ಒಂದು ಕೊಳವೆಯಲ್ಲಿ ತೆಗೆದು ಅಮೋನಿಯಾದ ಔಷಧಿ ಹಾಕಿದೆ. ಚಹಾ. ಇನ್ನೊಂದರಲ್ಲಿ ಉಸಿರಿನ ಪರೀಕ್ಷೆ ಮಾಡಿದೆ. ಬೆಳ್ಳಗೆ. ಏನೂ ಇಲ್ಲದ ನೀರಿಗೆ ಇದೆಲ್ಲ ಎಲ್ಲಿಂದ ಬಂತು? ಹೆಂಟೆಯಿಂದಲೇ ಬರಬೇಕು, ಎಲೆಯಿಂದಲೇ ಬರಬೇಕು, ಬೇರೆ ದಾರಿಯೇ ಇಲ್ಲ. ಆ ಹೆಂಟೆ ಚನ್ನವ್ವನ ಅಂಗಳಕ್ಕಿಂತ ಮೇಲಿನದು. ನಾನೇ ಬಿಸಿಲಿನಲ್ಲಿ ಬೈದುಕೊಳ್ಳುತ್ತ ತುಂಬಿದ್ದು. ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ. ಗೌರವ್ವ ನನಗೇನೋ ಆಯಿತೆಂದು ಕುಡಿಯಲು ನೀರು ತಂದಳು, ಪುಣ್ಯಕ್ಕೆ ಭಟ್ಟಿ ನೀರಲ್ಲ.

ಆಮೇಲೆ ಓದಿ, ಕೇಳಿ ತಿಳಿದುಕೊಂಡಿದ್ದನ್ನು ಸರಳವಾಗಿ ಹೇಳುತ್ತೇನೆ. ಹಳ್ಳ ಒಣಗಿತು ಎಂದರೆ ಸತ್ತಿತು ಎಂದಲ್ಲ. ಬೇಸಿಗೆಯಿಡೀ ಅದರ ತಳ ಕೂಡಿಡುತ್ತಿರುತ್ತದೆ. ಮರದ ಎಲೆ ಬೀಳುತ್ತದೆ, ಕುರಿ ದನ ಅಡ್ಡಾಡುತ್ತವೆ, ಹೊಲದ ಗೊಬ್ಬರ ಮಣ್ಣಿನೊಡನೆ ಬಂದು ಕೂತಿರುತ್ತದೆ. ಮಣ್ಣಿನೊಳಗಿನ ಕಣ್ಣಿಗೆ ಕಾಣದ ಜೀವಗಳು ಒಣಗಿ ಸತ್ತಿರುತ್ತವೆ, ನೀರು ಸೋಕಿದೊಡನೆ ಒಡೆದು ಒಳಗಿದ್ದುದನ್ನೆಲ್ಲ ಬಿಟ್ಟುಕೊಡುತ್ತವೆ. ಎಲೆ ಚಹಾಪುಡಿಯಂತೆ ಬಣ್ಣ ಬಿಡುತ್ತದೆ. ಅದನ್ನು ತಿನ್ನಲು ಬದುಕಿ ಉಳಿದ ಜೀವಗಳು ಮುಗಿಬಿದ್ದು ನೀರಿನ ಉಸಿರನ್ನೆಲ್ಲ ಹೀರುತ್ತವೆ. ಮೊದಲ ನೀರು ಇದೆಲ್ಲವನ್ನೂ ಹೊತ್ತುಕೊಂಡು ಹೋಗುತ್ತದೆ, ಹಿಂದಿನ ನೀರು ತಿಳಿ. ಗೊತ್ತುಮಾಡಿದ ದಿನವೇ ಹೋಗಿ ನೀರು ತರುತ್ತಿದ್ದ ನಮಗೆ ಆ ಮೊದಲ ನೀರು ಸಿಕ್ಕಿದ್ದೇ ಅಪರೂಪ. ಗುತ್ತಲದ ದಡದಲ್ಲಿ ಒಮ್ಮೆ ಸಿಕ್ಕಿತ್ತು, ನಾನು ನಕ್ಕು ಬಂದಿದ್ದೆ.

ಸಾಹೇಬರಿಗೆ ಬಕೆಟ್ಟು ತೋರಿಸಿದೆ. ಅವರು ಮೂಗು ಮುಚ್ಚಿಕೊಂಡೇ ಯೋಚಿಸಿದರು. "ಇದನ್ನ ಊರಾಗ ಹೇಳಿದ್ರ ನಂಬ್ತಾರೇನ್ರಿ? ಬಾಯಾರು ಮಜ್ಜಿಗಿ ಕುಡದ ಋಣಾ ತೀರಿಸಾಕತ್ತಾರ ಅಂತಾರ." ಅದು ಖರೇ. ಹಾಗಾದರೆ ಊರಿನವರೇ ನೆನೆಹಾಕಿ ನೋಡಲಿ ಎಂದೆ.

ಪಂಚಾಯ್ತಿ ಕಟ್ಟೆಗೆ ಮೂರು ಗಾಜಿನ ಭರಣಿ ತೆಗೆದುಕೊಂಡು ಹೋದೆವು. ಹಳ್ಳದ ಅಂಚಿನಲ್ಲಿ ಹರಿವು ಮುಟ್ಟದ ಒಣ ಹೆಂಟೆ ಇನ್ನೂ ಇದ್ದವು. ಮಲ್ಲೇಶಿಯೇ ಹೋಗಿ ಹೊಂಗೆ ಮರದ ಹತ್ತಿರದ್ದೊಂದು, ಚನ್ನವ್ವನ ಅಂಗಳದ ಕೆಳಗಿನದೊಂದು ತಂದ. ಊರಿನವರು ಕುಡಿಯುವ ಶುದ್ಧ ನೀರಿನ ಘಟಕದಿಂದ ಸಿದ್ದಪ್ಪನೇ ನೀರು ಹಿಡಿದ. ಒಂದು ಭರಣಿಯಲ್ಲಿ ಬರೀ ನೀರು, ಒಂದರಲ್ಲಿ ಮೇಲಿನ ಹೆಂಟೆ, ಒಂದರಲ್ಲಿ ಕೆಳಗಿನ ಹೆಂಟೆ. ಪಂಚಾಯ್ತಿ ಕೋಣೆಯಲ್ಲಿಟ್ಟು ಬೀಗ ಹಾಕಿ ಕೀಲಿಯನ್ನು ಮಲ್ಲೇಶಿ ತನ್ನ ಉಡಿದಾರಕ್ಕೆ ಕಟ್ಟಿಕೊಂಡ.

ಮರುದಿನ ಕಟ್ಟೆಯ ತುಂಬ ಜನ. ಬಯಲಾಟಕ್ಕೂ ಅಷ್ಟು ಜನ ಸೇರುವುದಿಲ್ಲ. ಬರೀ ನೀರಿಗೆ ಔಷಧಿ ಹಾಕಿದೆ. ಏನೂ ಆಗಲಿಲ್ಲ. ಮೇಲಿನ ಹೆಂಟೆಯ ನೀರಿಗೆ ಹಾಕಿದೆ. ಹಳದಿ ತಿರುಗಿ ಚಹಾ ಬಂತು. ಜನ ಗುಜುಗುಜು ಎಂದರು. "ಹೌದಲೇ, ಅಲ್ಲಿ ಆಕಿ ಗುಂಡಿ ಎಲ್ಲಿ ಐತಿ?" ಎಂದು ಯಾರೋ ಹೇಳಿದ್ದು ಕೇಳಿಸಿತು. ಗೆದ್ದೆ ಎಂದುಕೊಂಡೆ. ಆ ಉಮೇದಿನಲ್ಲಿ ಮೂರನೆಯದಕ್ಕೂ ಹಾಕಿದೆ.

ಕಡುಗಂದು ಬಂತು. ಮೇಲಿನದಕ್ಕಿಂತ ಚೆನ್ನಾಗಿ ಕಪ್ಪು, ಕಣ್ಣಿದ್ದವರಿಗೆಲ್ಲ ಕಾಣುವ ಹಾಗೆ.

"ನೋಡ್ರಿ! ನೋಡ್ರಿ!" ಮಲ್ಲೇಶಿ ಎದ್ದು ನಿಂತ. "ಆಕಿ ಗುಂಡಿ ಕೆಳಗಿಂದು ಕರ್ರಗ ಬಂತು! ಬಾಯಾರ ಕೈಯಾಗ ಬಂತು!"

ಕೆಳಗಿನ ಹೆಂಟೆಯನ್ನು ನಾನು ಮೊದಲು ನೆನೆಹಾಕಿ ನೋಡಿರಲೇ ಇಲ್ಲ. ಮೇಲಿನದೂ ತಪ್ಪಿತಸ್ಥ, ಕೆಳಗಿನದು ಇನ್ನೂ ಹೆಚ್ಚು ತಪ್ಪಿತಸ್ಥ. ಹಾಗಾದರೆ ಮೀನು ಕೊಂದವರು ಯಾರು? ಮೇಲಿನದೊಂದೇ ಇದ್ದಿದ್ದರೆ ಸಾಯುತ್ತಿರಲಿಲ್ಲವೇ? ಸಾಹೇಬರು ನೆಲ ನೋಡುತ್ತಿದ್ದರು. ಸಿದ್ದಪ್ಪ, "ಹಂಗಾದ್ರ ಮುಗೀತಲ್ಲ" ಎಂದು ಎದ್ದ.

ಹೆಂಗಸರ ನಡುವಿನಿಂದ ಚನ್ನವ್ವ ಬಂದಳು. ನಾನು ಅವಳ ಮುಖ ನೋಡಲಾರದೆ ಹೋದೆ. ಅವಳು ಎರಡು ಭರಣಿಯನ್ನೂ ಬಾಗಿ ನೋಡಿದಳು, ಬೀಜದ ಬಣ್ಣ ನೋಡುವವಳು ಅವಳು, ಅವಸರ ಮಾಡಲಿಲ್ಲ.

"ಬಾಯಾರ, ಈ ಕರೇದು ನನ್ನ ಅಂಗಳದ ಕೆಳಗಿಂದು?"

"ಹೌದವ್ವ."

"ಅದಕ್ಕೂ ಇದಕ್ಕೂ ಎಷ್ಟು ಫರಕ ಐತಿ, ಅಷ್ಟು ನಂದು. ಹೌದಲ್ರಿ?"

"ಹಂಗ ಅನ್ನಬಹುದು. ಪೂರಾ ಹಂಗ ಅಂತ ಹೇಳಾಕ ನನಗೂ ಗೊತ್ತಿಲ್ಲ."

ಅವಳು ಕರಿಯ ಭರಣಿಯನ್ನು ಎತ್ತಿ ತನ್ನ ಕಂಕುಳಲ್ಲಿ ಇಟ್ಟುಕೊಂಡಳು. ಜನದ ಕಡೆ ತಿರುಗಿದಳು. "ಇಷ್ಟು ದಿನ ಗುಂಡಿ ಒಣಗೈತಿ ಅಂತ ಧೈರ್ಯದಾಗ ಇದ್ದೆ. ಒಣಗಿದ್ದೂ ಹೊಲಸ ಅಂತ ಇವತ್ತ ತಿಳೀತು. ನಂದು ನಾ ತಗೀತೇನಿ. ನಾಳಿಂದ ಗುಂಡಿ ಬಳದು ಹೊಲಕ್ಕ ಹಾಕ್ತೇನಿ, ಪ್ರತಿ ವರ್ಷ ಮಳಿಗಿಂತ ಮೊದಲ ಹಾಕ್ತೇನಿ." ಆಮೇಲೆ ಕಟ್ಟೆಯ ಮೇಲೆ ಉಳಿದ ಚಹಾ ಬಣ್ಣದ ಭರಣಿಗೆ ಬೆರಳು ಮಾಡಿದಳು. "ಇದನ್ನ ಯಾರ ತಗೀತೀರಿ? ಕೈ ಎತ್ರಿ."

ಯಾರೂ ಎತ್ತಲಿಲ್ಲ. ಹಳ್ಳದ ಮೇಲಿನ ದಂಡೆಯಲ್ಲಿ ಸಾಲಾಗಿ ತಿಪ್ಪೆಗಳಿವೆ, ಕಟ್ಟೆಗೆ ಬಂದು ಕುಳಿತವರವೇ. ಆ ದಂಡೆಯ ಮೆಣಸಿನ ಹೊಲಗಳೂ ಅವರವೇ, ಅದಕ್ಕೆ ಹಾಕಿದ ಗೊಬ್ಬರವೂ ಅವರದೇ. ಬೇಸಿಗೆಯಲ್ಲಿ ಹಳ್ಳದೊಳಗೆ ರಾತ್ರಿ ಕುರಿ ತರುಬಿ ಮಲಗಿಸಿದವನು ಮಲ್ಲೇಶಿಯ ಅಣ್ಣ. ಅವನು ಹಿಂದಿನ ಸಾಲಿನಲ್ಲಿ ಬೀಡಿ ಆರಿಸಿದ. ಸಿದ್ದಪ್ಪ ನಿಂತವನು ಮತ್ತೆ ಕೂತ. "ಬೀಗ ತಗೀರಿ ಆಕಿ ಅಂಗಳದ್ದು" ಎಂದ. ಬೀಗ ತೆಗೆದರು.

ರಿಪೋರ್ಟಿನಲ್ಲಿ ಮೂಲ ಏನೆಂದು ಬರೆಯಬೇಕು ಎಂದು ಗಾಡಿಯಲ್ಲಿ ಬರುವಾಗ ಸಾಹೇಬರು ಕೇಳಿದರು. ಹಳ್ಳ ಎಂದು ಬರೆಯಿರಿ ಎಂದೆ. "ಹಳ್ಳಕ್ಕ ನೋಟಿಸು ಯಾವ ವಿಳಾಸಕ್ಕ ಕಳಸೂದ್ರಿ?" ಎಂದರು. ಇಬ್ಬರೂ ನಕ್ಕೆವು. ನಕ್ಕಾದ ಮೇಲೆ ಇಬ್ಬರಿಗೂ ಉತ್ತರ ಗೊತ್ತಿಲ್ಲ ಎಂದು ನೆನಪಾಯಿತು. ಆದರೆ ಅವತ್ತಿನಿಂದ ಬೇಸಿಗೆಯಲ್ಲಿ ಹೆಂಟೆ ತರುವುದು ನಮ್ಮ ಆಫೀಸಿನ ರೂಢಿಯಾಯಿತು. ಹಳ್ಳ ಬಂದ ದಿನ ಯಾವ ವಾರವಿದ್ದರೂ ಓಡುವುದೂ ರೂಢಿಯಾಯಿತು. ಗೌರವ್ವನಿಗೆ ನಾನೇ ನನ್ನ ಅಣ್ಣನ ಹೊಲದಿಂದ ಕರಿಮಣ್ಣು ತರಿಸಿಕೊಟ್ಟೆ. ಅವಳು ಮಾಡಿದ ಎತ್ತಿನ ಜೋಡಿಯಲ್ಲಿ ಒಂದರ ಕೋಡು ಸೊಟ್ಟಗಿತ್ತು, ಅದನ್ನು ನನಗೆ ಕೊಟ್ಟಳು.

ಈಗ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಊರಿನವರು ಕೆಲವು ತಿಪ್ಪೆ ಎತ್ತಿದರು, ಮೊದಲ ನೀರು ಕೆರೆಗೆ ಹೋಗದಂತೆ ಒಡ್ಡು ಕಡಿದು ಹೊಲಕ್ಕೆ ತಿರುಗಿಸಿದರು. ಗುತ್ತಲದ ರೈತ ಹೇಳಿದ ಕಸುವು ಅಲ್ಲಿಯ ಮೆಣಸಿನ ಗಿಡದಲ್ಲಿ ಕಂಡಿತು. ಒಂದು ವರ್ಷ ಮೀನು ಬದುಕಿದವು. ಮತ್ತೊಂದು ವರ್ಷ ಅಷ್ಟೆಲ್ಲ ಮಾಡಿದರೂ ಸತ್ತವು. ಇನ್ನೊಂದು ವರ್ಷ ಯಾರೂ ಏನೂ ಮಾಡಲಿಲ್ಲ, ಮಳೆ ಸಣ್ಣಗೆ ಹಿಡಿಯಿತು, ಮೀನು ಬದುಕಿದವು. ಯಾಕೆ ಎಂದು ಸರಿಯಾಗಿ ಹೇಳಲು ನನಗೆ ಬರುವುದಿಲ್ಲ. ಮಳೆಯ ಜೋರೋ, ಬೇಸಿಗೆಯ ಉದ್ದವೋ, ಎಲೆಯ ಲೆಕ್ಕವೋ. ನೀವು ಯಾರಾದರೂ ಕಂಡುಹಿಡಿದರೆ ರಾಣೆಬೆನ್ನೂರಿಗೆ ಬಂದು ನನಗೆ ಹೇಳಿ ಹೋಗಿ, ಮಜ್ಜಿಗೆ ಕೊಡುತ್ತೇನೆ.

ನಿವೃತ್ತಿಯಾದ ಮೇಲೆ ಇದೆಲ್ಲ ನನಗೆ ಸಂಬಂಧವಿಲ್ಲ ಎಂದುಕೊಂಡಿದ್ದೆ. ಊರಿಗೆ ಬಂದವಳು ನೀರಿಗೆ ಬರದೇ ಇರುತ್ತಾಳೆಯೇ! ಈ ವರ್ಷದ ಮೊದಲ ದೊಡ್ಡ ಮಳೆಯ ಮರುದಿನ ಚನ್ನವ್ವನ ಫೋನು ಬಂತು. ಅವಳ ಅಂಗಳ ಈಗ ಮೊದಲಿಗಿಂತ ದೊಡ್ಡದು.

"ಬಾಯಾರ, ಹಳ್ಳ ಬಂತ್ರಿ. ನನ್ನ ಗುಂಡಿ ಖಾಲಿ ಐತಿ, ಬಳದು ಸಾರಿಸೇನಿ. ಆದ್ರೂ ಕೆರ್ಯಾಗ ಸ್ವಲ್ಪ ಮೀನ ತೇಲ್ಯಾವ."

"ಮಂದಿ ನಿನ್ನ ಅಂಗಳಕ್ಕ ಬಂದಾರೇನವ್ವ?"

"ಮಲ್ಲೇಶಿ ಒಬ್ಬಾವ ಬಂದಾನ್ರಿ. ಇಲ್ಲೇ ಕುಂತಾನ."

"ಬೈಯಾಕತ್ತಾನೇನು?"

"ಇಲ್ರಿ. ಒಂದ ಹೆಂಟಿ ಹಿಡಕೊಂಡು ಕುಂತಾನ. ತನ್ನ ಅಣ್ಣನ ಕುರಿ ತರುಬಿದ ಜಾಗದ್ದಂತ. ಇದನ್ನ ನೆನಿ ಹಾಕಿ ನೋಡೂಣು, ಬಾಯಾರ್ನ ಕರಿ ಅಂತಾನ."

"ಚನ್ನವ್ವ, ನನಗ ಏನೂ ಗೊತ್ತಾಗೂದಿಲ್ಲ ಅಂತ ಹೇಳ ಅವಂಗ. ಖರೇನ ಗೊತ್ತಾಗೂದಿಲ್ಲ."

"ಹೇಳೇನ್ರಿ. ಗೊತ್ತಾಗದಿದ್ರೂ ಬರ್ತಾರ ಅಂತ ಹೇಳೇನಿ."

ನಾನು ಫೋನು ಇಟ್ಟು ಬಾಟಲಿ ಹುಡುಕತೊಡಗಿದೆ.